ಫೋನ್ ‘ಮೆಮೊರಿ ಫುಲ್’: ಯಂತ್ರ ತಾನೇ ಜೋಡಿಸಿಕೊಳ್ಳುವುದೇನು, ನಾವು ಎತ್ತಿಡಬೇಕಾದದ್ದೇನು?

“ನಿಮ್ಮ ಫೋನ್ ನಿಧಾನವಾಗಿದೆಯೇ? ದಿನಾ ರಾತ್ರಿ ಮಲಗುವ ಮುನ್ನ ಎಲ್ಲ ಆ್ಯಪ್‌ಗಳನ್ನೂ ಮೇಲಕ್ಕೆ ತಳ್ಳಿ ಮುಚ್ಚಿ. ಕೆಳಗಿನ ಲಿಂಕ್‌ನಲ್ಲಿರುವ ಕ್ಲೀನರ್ ಹಾಕಿಕೊಳ್ಳಿ. ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿಸಿ. ಹತ್ತು ಜನರಿಗೆ ಕಳಿಸಿ.”

ಈ ಧಾಟಿಯ ಸಂದೇಶ ನಿಮಗೂ ಬಂದಿರುತ್ತದೆ, ನೀವೂ ಯಾರಿಗೋ ಕಳಿಸಿರಬಹುದು. ಇದರಲ್ಲಿ ವಿಷವೇನೂ ಇಲ್ಲ ಎಂದು ನಾವೂ ಬಹುಕಾಲ ಸುಮ್ಮನಿದ್ದೆವು. ನಮ್ಮ ತಂಡದ ಒಬ್ಬರ ಮನೆಯಲ್ಲಿ ನಡೆದದ್ದನ್ನು ಕೇಳಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಅವರ ಊರು ಮಾನ್ವಿ. “ಫೋನ್ ಬಹಳ ಹ್ಯಾಂಗ್ ಆಗಾಕತ್ತದ” ಎಂದು ಅವರ ತಂದೆ ಅಂಗಡಿಯೊಂದಕ್ಕೆ ಫೋನ್ ಕೊಟ್ಟರು. ಅಲ್ಲಿ ಎಲ್ಲ ಅಳಿಸಿ, ಹೊಸದಾಗಿ ಸಾಫ್ಟ್‌ವೇರ್ ಹಾಕಿ ಕೊಟ್ಟರು. ಫೋನ್ ಎರಡು ವಾರ ಚುರುಕಾಗಿ ಓಡಿತು. ಆದರೆ ತೀರಿಹೋದ ಅಜ್ಜಿ ಕೊನೆಯ ವರ್ಷ ಮಗನಿಗೆ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು ಒಂದೂ ಉಳಿಯಲಿಲ್ಲ. ಬ್ಯಾಕಪ್ ಇದ್ದೇ ಇರುತ್ತದೆ ಎಂದು ಅವರು ನಂಬಿದ್ದರು. ಗೂಗಲ್ ಖಾತೆಯ 15 ಜಿಬಿ ಜಾಗ ಯಾವಾಗಲೋ ತುಂಬಿ ಬ್ಯಾಕಪ್ ನಿಂತುಹೋಗಿತ್ತು. ಕೊನೆಯ ಸಲ ಅದು ಆದದ್ದು ಅಜ್ಜಿಗೆ ಫೋನ್ ಕೊಡಿಸುವುದಕ್ಕೂ ಮೊದಲು. ಆ ಹಳೆಯ ಬ್ಯಾಕಪ್ ಹಿಂದಕ್ಕೆ ತಂದು ನೋಡಿದರೆ ಒಳಗಿದ್ದದ್ದು ಬಹುಪಾಲು ಗುಡ್ ಮಾರ್ನಿಂಗ್ ಚಿತ್ರಗಳು, ಫಾರ್ವರ್ಡ್ ವಿಡಿಯೊಗಳು.

ಫೋನಿನ ಉಗ್ರಾಣ ನಾವು ಸರಕು ತುಂಬಿ ಬಾಯಿ ಕಟ್ಟಿಡುವ ಚೀಲದಂಥದ್ದಲ್ಲ. ಯಾವುದನ್ನು ಹತ್ತಿರ ಇಡಬೇಕು, ಯಾವುದನ್ನು ಒಳಗೆ ತಳ್ಳಬೇಕು ಎಂದು ಅದು ನಿಮ್ಮ ಬಳಕೆ ನೋಡಿ ದಿನವಿಡೀ ತಾನೇ ಜೋಡಿಸಿಕೊಳ್ಳುತ್ತಿರುತ್ತದೆ. ಫೋನ್ ಮಾತ್ರವೇನು, ನೀವು ಫಾರ್ವರ್ಡ್ ಒತ್ತಿದಾಗ ದೂರದ ಡೇಟಾ ಸೆಂಟರ್‌ಗಳಲ್ಲೂ ಇದೇ ನಡೆಯುತ್ತದೆ. ಇದು ತಿಳಿದರೆ ಮೇಲಿನ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಗಾಳಿಮಾತು ಎಂದು ನೀವೇ ಹೇಳಬಲ್ಲಿರಿ. ಯಂತ್ರಕ್ಕೆ ಬಿಡಬಾರದ ಕೆಲಸ ಯಾವುದೆಂದೂ ತಿಳಿಯುತ್ತದೆ.

ಮುಂದಿನ ಹಲಗೆ, ಹಿಂದಿನ ಕೋಣೆ

ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲ ಯಾವುದಾದರೂ ಹಳೆಯ ಕಿರಾಣಿ ಅಂಗಡಿ ನೋಡಿ. ಸಕ್ಕರೆ, ಚಹಾಪುಡಿ, ಎಣ್ಣೆ ಕೈಗೆಟಕುವಲ್ಲಿ ಇರುತ್ತವೆ. ವಾರಕ್ಕೊಬ್ಬರು ಕೇಳುವ ಸಾಮಾನು ಮೇಲಿನ ಹಲಗೆಯಲ್ಲಿ. ವರ್ಷಕ್ಕೊಮ್ಮೆ ಬೇಕಾಗುವುದು ಹಿಂದಿನ ಕೋಣೆಯಲ್ಲಿ. ನಾಗರ ಪಂಚಮಿ ಹತ್ತಿರ ಬಂದರೆ ಉಂಡಿಗೆ ಬೇಕಾದ ಶೇಂಗಾ, ಎಳ್ಳು, ಬೆಲ್ಲ ಮುಂದಕ್ಕೆ ಬರುತ್ತವೆ. ರಂಜಾನ್‌ಗೆ ಶಾವಿಗೆ, ಖರ್ಜೂರ ಬರುತ್ತವೆ. ಅಂಗಡಿಯವರಿಗೆ ಇದನ್ನು ಯಾರೂ ಕಲಿಸಿಲ್ಲ, ಗಿರಾಕಿಗಳು ಏನು ಕೇಳುತ್ತಾರೆಂದು ನೋಡಿ ನೋಡಿ ಕಲಿತದ್ದು.

ಕಂಪ್ಯೂಟರಿಗೂ ಇಂಥ ಹಲಗೆಗಳಿವೆ. ರ‍್ಯಾಮ್ ಬಹಳ ವೇಗ, ಆದರೆ ದುಬಾರಿ, ಅದಕ್ಕೇ ಸ್ವಲ್ಪವೇ ಇರುತ್ತದೆ. ಫೋನಿನಲ್ಲಿ ಫೋಟೊ, ವಿಡಿಯೊ ಉಳಿಯುವ ಫ್ಲ್ಯಾಶ್ ಮೆಮೊರಿ ಅದಕ್ಕಿಂತ ನಿಧಾನ. ಹಳೆಯ ಕಂಪ್ಯೂಟರುಗಳ, ಇಂದಿನ ಡೇಟಾ ಸೆಂಟರುಗಳ ಹಾರ್ಡ್ ಡಿಸ್ಕ್ ಇನ್ನೂ ನಿಧಾನ, ಆದರೆ ಅಗ್ಗ. ಎಷ್ಟು ನಿಧಾನ? ರ‍್ಯಾಮ್‌ನಿಂದ ಒಂದು ತುಣುಕು ತರಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಫ್ಲ್ಯಾಶ್‌ನಿಂದ ತರಲು ಸುಮಾರು ಕಾಲು ಗಂಟೆ, ಹಾರ್ಡ್ ಡಿಸ್ಕ್‌ನಿಂದ ತರಲು ಒಂದು ದಿನಕ್ಕೂ ಹೆಚ್ಚು ಬೇಕು. ಸರಕು ಯಾವ ಹಲಗೆಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲೆಲ್ಲ ಈ ಜೋಡಣೆಯನ್ನು ಎಂಜಿನಿಯರುಗಳೇ ಕುಳಿತು ಮಾಡುತ್ತಿದ್ದರು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಯಾವ ಲೆಕ್ಕ ಯಾವ ಡಿಸ್ಕಿನಲ್ಲಿ ಇರಬೇಕೆಂದು ಕೈಯಾರೆ ಗೊತ್ತುಪಡಿಸಬೇಕಿತ್ತು. ಬಳಕೆ ಬದಲಾದರೆ ಮತ್ತೆ ಬದಲಿಸಬೇಕಿತ್ತು. 1995ರಲ್ಲಿ ಎಚ್‌ಪಿ ಸಂಸ್ಥೆಯ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ‘ಆಟೊರೇಡ್’ ಎಂಬ ಉಗ್ರಾಣ ವ್ಯವಸ್ಥೆಯನ್ನು ವಿವರಿಸಿದರು. ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಬೇಕಾದರೆ ಎರಡು ದಾರಿ. ಎಲ್ಲವನ್ನೂ ಎರಡೆರಡು ಪ್ರತಿ ಇಟ್ಟರೆ ಬರೆಯುವುದು ವೇಗ, ಆದರೆ ಜಾಗ ದುಪ್ಪಟ್ಟು ಬೇಕು. ಲೆಕ್ಕಾಚಾರದಿಂದ ಹಂಚಿಟ್ಟರೆ ಜಾಗ ಉಳಿಯುತ್ತದೆ, ತಿದ್ದುವುದು ನಿಧಾನ. ಆಟೊರೇಡ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿತು. ಪದೇ ಪದೇ ತಿದ್ದುವ ಮಾಹಿತಿ ತಾನಾಗಿ ಮೇಲಿನ ಹಲಗೆಗೆ ಏರುತ್ತಿತ್ತು, ಮುಟ್ಟದೆ ಬಿಟ್ಟದ್ದು ಕೆಳಕ್ಕೆ ಇಳಿಯುತ್ತಿತ್ತು. ಮನುಷ್ಯರು ಮಾಡಬೇಕಾದದ್ದು ಜಾಗ ಸಾಲದಿದ್ದರೆ ಹೊಸ ಡಿಸ್ಕ್ ಸಿಕ್ಕಿಸುವುದಷ್ಟೇ.

ಈ ಕ್ಷೇತ್ರದವರು ಹೆಚ್ಚು ಬಳಕೆಯ ಮಾಹಿತಿಯನ್ನು ‘ಬಿಸಿ’, ಬಳಸದೆ ಬಿಟ್ಟದ್ದನ್ನು ‘ತಣ್ಣಗಿನ’ ಮಾಹಿತಿ ಎನ್ನುತ್ತಾರೆ. ಈ ಎರಡು ಪದ ನೆನಪಿರಲಿ, ಮುಂದೆ ಬೇಕಾಗುತ್ತವೆ.

ಬೆಳಗಿನ ಗುಡ್ ಮಾರ್ನಿಂಗ್ ಮತ್ತು ಒಂದು ಒಳ್ಳೆಯ ಉಪಾಯ

ಯಾವುದು ಬಿಸಿ ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಹಳೆಯ, ಸರಳ ಸೂತ್ರ ಇದು: ಬಹಳ ಹೊತ್ತಿನಿಂದ ಯಾರೂ ಕೇಳದ್ದನ್ನು ಮೊದಲು ಹೊರಗೆ ಹಾಕು. ಕೇಳಲು ಸರಿಯಾಗಿಯೇ ಇದೆ. ಆದರೆ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಏನಾಗುತ್ತದೆ ನೆನೆಸಿಕೊಳ್ಳಿ. ಹೂವಿನ ಚಿತ್ರ, ಸೂರ್ಯೋದಯದ ಚಿತ್ರ, ದೇವರ ಚಿತ್ರ ಒಂದರ ಹಿಂದೊಂದು ಐವತ್ತು ಬರುತ್ತವೆ. ಪ್ರತಿಯೊಂದನ್ನೂ ಒಮ್ಮೆ ನೋಡುತ್ತೀರಿ, ಮತ್ತೆಂದೂ ನೋಡುವುದಿಲ್ಲ. ಆದರೆ ಆ ಸೂತ್ರದ ಪ್ರಕಾರ ಅವೇ ಈಗ ತೀರಾ ಹೊಸದಾಗಿ ಕೇಳಿದ ಸರಕು! ಅವುಗಳಿಗೆ ಜಾಗ ಮಾಡಿಕೊಡಲು ನೀವು ದಿನಾ ಹತ್ತು ಸಲ ಬಳಸುವುದೆಲ್ಲ ಹಲಗೆಯಿಂದ ಕೆಳಗೆ ಬೀಳುತ್ತದೆ. ಒಂದೇ ಸಲದ ಗಿರಾಕಿಗಳ ಜಾತ್ರೆ ನಡೆದು, ಖಾಯಂ ಗಿರಾಕಿಗೆ ಸಕ್ಕರೆ ಸಿಗದಂತಾಗುತ್ತದೆ.

2003ರಲ್ಲಿ ಐಬಿಎಂ ಸಂಸ್ಥೆಯ ನಿಮ್ರೋದ್ ಮೆಗಿದ್ದೊ ಮತ್ತು ಧರ್ಮೇಂದ್ರ ಮೋಧಾ ಇದಕ್ಕೆ ಒಂದು ಉಪಾಯ ಪ್ರಕಟಿಸಿದರು. ಮೋಧಾ ಐಐಟಿ ಬಾಂಬೆಯಲ್ಲಿ ಓದಿದವರು. ಉಪಾಯದ ಹೆಸರು ‘ಆರ್ಕ್’. ಇದನ್ನು ಅಂಗಡಿಯ ಭಾಷೆಯಲ್ಲಿ ಹೇಳಬಹುದು.

ಹಲಗೆಯ ನಡುವೆ ಅತ್ತಿತ್ತ ಸರಿಯುವ ಒಂದು ಪಟ್ಟಿ ಇಡಿ. ಎಡಕ್ಕೆ ಒಂದು ಸಲ ಮಾತ್ರ ಕೇಳಿದ ಸಾಮಾನು. ಬಲಕ್ಕೆ ಎರಡು ಸಲವಾದರೂ ಕೇಳಿದ್ದು. ಗುಡ್ ಮಾರ್ನಿಂಗ್ ಚಿತ್ರಗಳೆಲ್ಲ ಎಡಗಡೆಯಲ್ಲೇ ಬಂದು ಅಲ್ಲೇ ಉರುಳಿಹೋಗುತ್ತವೆ, ಬಲಗಡೆಯ ಖಾಯಂ ಸರಕಿಗೆ ಪೆಟ್ಟು ಬೀಳುವುದಿಲ್ಲ. ಇಷ್ಟಕ್ಕೆ ಮುಗಿದಿದ್ದರೆ ಪಟ್ಟಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಮತ್ತೆ ಯಾರಾದರೂ ಹೇಳಬೇಕಿತ್ತು. ಅದಕ್ಕೂ ಅವರು ದಾರಿ ಕಂಡುಕೊಂಡರು. ಹಲಗೆಯಿಂದ ತೆಗೆದ ಸಾಮಾನಿನ ಹೆಸರನ್ನು ಮಾತ್ರ ಒಂದು ವಹಿಯಲ್ಲಿ ಬರೆದಿಡುವುದು. ಸರಕು ಹೋಗಿದೆ, ಹೆಸರು ಉಳಿದಿದೆ. ಎಡಗಡೆಯಿಂದ ತೆಗೆದದ್ದನ್ನೇ ಯಾರಾದರೂ ಸ್ವಲ್ಪ ಹೊತ್ತಿನಲ್ಲಿ ಕೇಳಿಕೊಂಡು ಬಂದರೆ ‘ಛೇ, ಎಡಗಡೆಗೆ ಜಾಗ ಸಾಲಲಿಲ್ಲ’ ಎಂದು ಪಟ್ಟಿ ಬಲಕ್ಕೆ ಸರಿಯುತ್ತದೆ. ಬಲಗಡೆಯಿಂದ ತೆಗೆದದ್ದನ್ನು ಕೇಳಿದರೆ ಎಡಕ್ಕೆ ಸರಿಯುತ್ತದೆ. ತನ್ನ ತಪ್ಪುಗಳ ವಹಿ ಇಟ್ಟುಕೊಂಡು ತನ್ನನ್ನೇ ತಿದ್ದಿಕೊಳ್ಳುವ ಅಂಗಡಿ ಇದು. ಯಾರೂ ತಿರುಗಣಿ ತಿರುಗಿಸಬೇಕಿಲ್ಲ.

ನಮಗಂತೂ ಈ ಉಪಾಯ ಬಹಳ ಇಷ್ಟ. (ಐಬಿಎಂನ ಪೇಟೆಂಟ್‌ಗೆ ಹೆದರಿ ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸ್ 2005ರಲ್ಲಿ ಇದನ್ನು ಕೈಬಿಟ್ಟು ಬೇರೆ ಸೂತ್ರ ಹಿಡಿಯಬೇಕಾಯಿತು ಎಂಬುದು ಇನ್ನೊಂದು ಕತೆ.) ನಿಮ್ಮ ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಇದೇ ಸೂತ್ರವಲ್ಲ, ಇದರ ದಾಯಾದಿ. ಆಂಡ್ರಾಯ್ಡ್‌ನ ತಳಪಾಯವಾದ ಲಿನಕ್ಸ್ ಕೂಡ ರ‍್ಯಾಮ್‌ನಲ್ಲಿರುವುದನ್ನು ಈಗಷ್ಟೇ ಮುಟ್ಟಿದ್ದು, ಮುಟ್ಟದೆ ಬಿಟ್ಟದ್ದು ಎಂದು ವಿಂಗಡಿಸುತ್ತ, ಜಾಗ ಬೇಕಾದಾಗ ತಣ್ಣಗಿನದನ್ನು ಹೊರಗೆ ಹಾಕುತ್ತದೆ.

ಆದ್ದರಿಂದ ಎಲ್ಲ ಆ್ಯಪ್‌ಗಳನ್ನೂ ರಾತ್ರಿ ತಳ್ಳಿ ಮುಚ್ಚುವುದು ಅಂಗಡಿಯವರು ದಿನಾ ಬಾಗಿಲು ಹಾಕುವಾಗ ಮುಂದಿನ ಹಲಗೆಯನ್ನೆಲ್ಲ ಹಿಂದಿನ ಕೋಣೆಗೆ ಸುರಿದಂತೆ. ಬೆಳಿಗ್ಗೆ ಎಲ್ಲವನ್ನೂ ಮತ್ತೆ ಹೊತ್ತು ತರಬೇಕು. ಅದಕ್ಕೆ ಬ್ಯಾಟರಿಯೂ ಬೇಕು. ಗೂಗಲ್‌ನಲ್ಲಿ ಆಂಡ್ರಾಯ್ಡ್ ವಿಭಾಗದ ಹೊಣೆ ಹೊತ್ತಿದ್ದ ಹಿರೋಷಿ ಲಾಕ್‌ಹೈಮರ್ 2016ರಲ್ಲೇ ಇದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಹೇಳಿದ್ದರು. ಯಾವುದಾದರೂ ಒಂದು ಆ್ಯಪ್ ಸಿಕ್ಕಿಹಾಕಿಕೊಂಡಿದ್ದರೆ ಅದನ್ನು ಮುಚ್ಚಿ, ಸಾಕು.

ದೇವದುರ್ಗದಲ್ಲಿ ಒತ್ತಿದ ಫಾರ್ವರ್ಡ್

ಈಗ ಫೋನಿನಿಂದ ಹೊರಗೆ ಬರೋಣ. ದೇವದುರ್ಗದಲ್ಲಿ ನೀವು ತೆಗೆದ ವಿಡಿಯೊವನ್ನು ರಾಯಚೂರಿನ ಅಣ್ಣನಿಗೆ ವಾಟ್ಸಾಪ್‌ನಲ್ಲಿ ಕಳಿಸಿದಿರಿ. ಫೋನ್ ಅದಕ್ಕೆ ಗುಪ್ತಲಿಪಿಯ ಬೀಗ ಹಾಕಿ ಸರ್ವರ್‌ಗೆ ಏರಿಸುತ್ತದೆ. ನೆಟ್‌ವರ್ಕ್ ಸರಿ ಇಲ್ಲದಿದ್ದರೆ ಆ ಚಕ್ರ ಎಷ್ಟು ಹೊತ್ತು ತಿರುಗುತ್ತದೆಂದು ನಿಮಗೆ ಗೊತ್ತು. ಆದರೆ ಬೇರೆ ಯಾರೋ ಕಳಿಸಿದ ಅಷ್ಟೇ ದೊಡ್ಡ ವಿಡಿಯೊವನ್ನು ನೀವು ಫಾರ್ವರ್ಡ್ ಮಾಡಿದರೆ? ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಗಿರುತ್ತದೆ.

ಕಾರಣ ವಾಟ್ಸಾಪ್‌ನ ಖಾಸಗಿತನ ನೀತಿಯಲ್ಲೇ ಇದೆ. ಸಾಮಾನ್ಯ ಸಂದೇಶ ತಲುಪಿದ ಮೇಲೆ ಸರ್ವರ್‌ನಿಂದ ಅಳಿದುಹೋಗುತ್ತದೆ, ತಲುಪದಿದ್ದರೆ 30 ದಿನ ಕಾಯುತ್ತದೆ. ಫಾರ್ವರ್ಡ್ ಆದ ಫೋಟೊ, ವಿಡಿಯೊಗಳನ್ನು ಮಾತ್ರ ಮುಂದಿನ ಫಾರ್ವರ್ಡ್‌ಗಳು ಬೇಗ ತಲುಪಲಿ ಎಂದು ಬೀಗ ಹಾಕಿದ ರೂಪದಲ್ಲೇ ತಾತ್ಕಾಲಿಕವಾಗಿ ಸರ್ವರ್‌ನಲ್ಲಿ ಉಳಿಸಿಕೊಳ್ಳುತ್ತಾರೆ. ಒಳಗೇನಿದೆ ಎಂದು ಸರ್ವರ್ ನೋಡಲಾರದು. ಅದಕ್ಕೆ ಗೊತ್ತಾಗುವುದು ಇಷ್ಟೇ: ಇದು ಕೈಯಿಂದ ಕೈಗೆ ಓಡುತ್ತಿರುವ ಸರಕು, ಮುಂದಿನ ಹಲಗೆಯಲ್ಲಿ ಇರಲಿ.

ಇಲ್ಲೇ ನಾವು ಸ್ವಲ್ಪ ನಿಲ್ಲಬೇಕು. ಯಂತ್ರದ ಕಣ್ಣಿಗೆ ಬೇಡಿಕೆ ಕಾಣುತ್ತದೆ, ನಿಜ-ಸುಳ್ಳು ಕಾಣುವುದಿಲ್ಲ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಕಾರಿನಲ್ಲಿದ್ದವರ ಮೇಲೆ ಬಿದ್ದು, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಕೊಂದುಹಾಕಿತು. ದೇಶದ ಬೇರೆ ಕಡೆಯೂ ಇಂಥ ಕೊಲೆಗಳು ನಡೆದಿದ್ದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಿಂದ, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಬಿಸಿಯಾದದ್ದನ್ನು ಇನ್ನಷ್ಟು ಸಲೀಸಾಗಿ ಕೊಡುವುದು ಉಗ್ರಾಣದ ಗುಣ; ಅದಕ್ಕೆ ತಡೆಗೋಡೆಯನ್ನು ಮನುಷ್ಯರು ಹೊರಗಿನಿಂದ ಕಟ್ಟಬೇಕಾಯಿತು.

ಹಾಗಾದರೆ ನಿನ್ನೆ ಬಿಸಿಯಾಗಿದ್ದದ್ದು ನಾಳೆ ಏನಾಗುತ್ತದೆ? ಫೇಸ್‌ಬುಕ್ ಎಂಜಿನಿಯರುಗಳು 2014ರಲ್ಲಿ ತಮ್ಮ ‘ಎಫ್4’ ಎಂಬ ಉಗ್ರಾಣದ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಲೆಕ್ಕವಿದೆ. ಒಂದು ದಿನದೊಳಗಿನ ಫೋಟೊ, ವಿಡಿಯೊಗಳಿಗೆ ಬರುವ ಬೇಡಿಕೆ ಒಂದು ವರ್ಷ ಹಳೆಯದಕ್ಕೆ ಬರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಮದುವೆಯ ಫೋಟೊ ಹಾಕಿದ ದಿನ ಎಲ್ಲರೂ ನೋಡುತ್ತಾರೆ, ಮರುವರ್ಷ ನೋಡುವವರು ಮದುಮಕ್ಕಳು ಮಾತ್ರ, ಅವರೂ ನೋಡಿದರೆ! ಹಾಗಾಗಿ ಸುಮಾರು ಮೂರು ತಿಂಗಳು ಕಳೆದ ಫೋಟೊಗಳನ್ನು ಅವರು ಕಡಿಮೆ ಜಾಗ ಹಿಡಿಯುವ ಬೇರೆ ಉಗ್ರಾಣಕ್ಕೆ ಸಾಗಿಸಿದರು. ಮೊದಲು ಒಂದು ಫೋಟೊಗೆ ಅದರ 3.6 ಪಟ್ಟು ಜಾಗ ಬೇಕಾಗುತ್ತಿತ್ತು, ಏಕೆಂದರೆ ಡಿಸ್ಕ್ ಕೆಟ್ಟರೂ ಉಳಿಯಲೆಂದು ಹಲವು ಪ್ರತಿ ಇಡುತ್ತಿದ್ದರು. ಹೊಸ ಏರ್ಪಾಟಿನಲ್ಲಿ ಅದು 2.8ಕ್ಕೆ, ಆಮೇಲೆ 2.1ಕ್ಕೆ ಇಳಿಯಿತು. ಗಮನಿಸಿ, ಎಸೆದದ್ದಲ್ಲ, ಜಾಗ ಬದಲಿಸಿದ್ದು. ಡಿಸ್ಕ್ ಕೆಟ್ಟರೂ ಫೋಟೊ ಉಳಿಯುವ ಏರ್ಪಾಟು ಅಲ್ಲೂ ಇತ್ತು.

ಗೋದಾಮಿನಲ್ಲಿ ಖಾಲಿ ಕೋಣೆ ಏಕೆ ಬೇಕು

ಮತ್ತೆ ಫೋನಿಗೆ ಬರೋಣ. ‘ಮೆಮೊರಿ ತುಂಬಿದರೆ ಫೋನ್ ನಿಧಾನ ಆಗುತ್ತದೆ’ ಎಂಬ ಮಾತು ಸುಳ್ಳಲ್ಲ. ಏಕೆ ಹಾಗೆ ಎಂಬುದನ್ನು ಯಾರೂ ಹೇಳುವುದಿಲ್ಲ, ಅಷ್ಟೇ.

ರಾಯಚೂರು, ಮಾನ್ವಿ ಕಡೆಯವರಿಗೆ ಭತ್ತದ ಗೋದಾಮು ಹೊಸದೇನಲ್ಲ. ಒಂದು ವಿಚಿತ್ರ ಗೋದಾಮನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ನೂರಾರು ಕೋಣೆಗಳು. ಒಂದು ಚೀಲ ತೆಗೆದ ಜಾಗದಲ್ಲಿ ಇನ್ನೊಂದು ಚೀಲ ಇಡುವಂತಿಲ್ಲ. ಆ ಕೋಣೆಯನ್ನು ಪೂರ್ತಿ ಖಾಲಿ ಮಾಡಿ, ಗುಡಿಸಿದ ಮೇಲೆಯೇ ಹೊಸ ಚೀಲ ಒಳಗೆ ಬರಬೇಕು. ಫ್ಲ್ಯಾಶ್ ಮೆಮೊರಿ ಇರುವುದೇ ಹೀಗೆ. ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ನೂರಾರು ಪುಟಗಳ ಇಡೀ ಬ್ಲಾಕ್ ಅನ್ನು ಒಟ್ಟಿಗೆ. ನೀವು ಒಂದು ಫೋನ್ ನಂಬರ್ ತಿದ್ದಿದರೂ ಹಳೆಯದರ ಮೇಲೆ ಬರೆಯಲಾಗುವುದಿಲ್ಲ. ಹೊಸ ಪ್ರತಿ ಬೇರೆಡೆ ಹೋಗಿ ಕೂರುತ್ತದೆ, ಹಳೆಯದು ಕಸವಾಗಿ ಅಲ್ಲೇ ಉಳಿಯುತ್ತದೆ.

ಹಾಗಾಗಿ ಒಳಗೆ ಹಮಾಲಿ ಕೆಲಸ ನಿಲ್ಲುವುದೇ ಇಲ್ಲ. ಅರ್ಧ ಕಸವಾದ ಕೋಣೆಗಳಿಂದ ಒಳ್ಳೆಯ ಚೀಲಗಳನ್ನು ಆರಿಸಿ ಖಾಲಿ ಕೋಣೆಗೆ ಹೊತ್ತು, ಹಳೆಯ ಕೋಣೆ ಗುಡಿಸಬೇಕು. ಇದಕ್ಕೆ ಮೊದಲು ಬೇಕಾದದ್ದು ಖಾಲಿ ಕೋಣೆ. ಫೋನ್ ಭರ್ತಿಯಾಗುತ್ತ ಬಂದರೆ ಹಮಾಲರಿಗೆ ಹೊರಳಲೂ ಜಾಗವಿರುವುದಿಲ್ಲ. ಒಂದು ಚೀಲ ಇಡಲು ಹತ್ತು ಚೀಲ ಎತ್ತಬೇಕು. ಅದೇ ನೀವು ನೋಡುವ ‘ಹ್ಯಾಂಗ್’.

ಕೋಣೆಗಳ ನೆಲವೂ ಸವೆಯುತ್ತದೆ. ಒಂದು ಬ್ಲಾಕ್ ಅನ್ನು ಕೆಲವು ಸಾವಿರ ಸಲ ಅಳಿಸಬಹುದು, ಆಮೇಲೆ ಅದು ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ಫೋನಿನ ಮೆಮೊರಿಯೊಳಗಿನ ಪುಟ್ಟ ಕಂಪ್ಯೂಟರ್ ಪ್ರತಿ ಕೋಣೆ ಎಷ್ಟು ಸವೆದಿದೆ ಎಂದು ಲೆಕ್ಕ ಇಡುತ್ತದೆ. ಹೆಚ್ಚು ಸವೆದ ಕೋಣೆಗೆ ಅಲುಗಾಡದ ತಣ್ಣಗಿನ ಸರಕು, ಗಟ್ಟಿ ಕೋಣೆಗೆ ದಿನಾ ಬದಲಾಗುವ ಬಿಸಿ ಸರಕು ಎಂದು ಹಂಚುತ್ತದೆ. ಹಲವು ಫೋನ್‌ಗಳಲ್ಲಿ ಗೇಟಿನ ಬಳಿ ಒಂದು ಕಟ್ಟೆಯೂ ಇದೆ. ಲಾರಿ ಬಂದೊಡನೆ ಚೀಲಗಳನ್ನು ಅಲ್ಲಿ ಬೇಗ ಇಳಿಸಿ, ಪುರುಸೊತ್ತಾದಾಗ ಒಳಗೆ ಒಟ್ಟುವುದು. ಜಾಗ ತುಂಬಿದರೆ ಆ ಕಟ್ಟೆಯೇ ಕಿರಿದಾಗುತ್ತದೆ.

ಬಿಸಿ, ತಣ್ಣಗಿನ ಸರಕು ಒಂದೇ ಕೋಣೆಯಲ್ಲಿ ಬೆರೆತರೆ ಅಲುಗದ ಚೀಲಗಳನ್ನೂ ಮತ್ತೆ ಮತ್ತೆ ಹೊರಬೇಕಾಗುತ್ತದೆ. ಅದಕ್ಕೇ ಸ್ಯಾಮ್ಸಂಗ್ 2012ರಲ್ಲಿ ಫ್ಲ್ಯಾಶ್‌ಗೆಂದೇ ಬಿಡುಗಡೆ ಮಾಡಿದ ‘ಎಫ್2ಎಫ್ಎಸ್’ ಎಂಬ ಕಡತ ವ್ಯವಸ್ಥೆ ಮಾಹಿತಿಯನ್ನು ಬರೆಯುವಾಗಲೇ ಬಿಸಿ, ಬೆಚ್ಚಗಿನ, ತಣ್ಣಗಿನ ಎಂದು ಮೂರು ಬಗೆ ಮಾಡುತ್ತದೆ. ಇಂದು ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇರುವುದು ಇದೇ. ಇದನ್ನು ಓದುವಾಗ ನಮಗೆ ಒಂದು ಕಡೆ ತಡವರಿಸಿದಂತಾಯಿತು. ಫೋಟೊ, ವಿಡಿಯೊ, ಹಾಡುಗಳ ಕಡತವನ್ನು ಅದು ಹೆಸರಿನ ಬಾಲ ನೋಡಿಯೇ ತಣ್ಣಗಿನದು ಎಂದು ಗುರುತಿಸುತ್ತದೆ. ಕೊನೆಯಲ್ಲಿ ಜೆಪಿಜಿ ಎಂದಿದ್ದರೆ ಸಾಕು. ಒಮ್ಮೆ ಬರೆದ ಫೋಟೊವನ್ನು ಯಾರೂ ತಿದ್ದುವುದಿಲ್ಲವಲ್ಲ. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ಪೂರ್ತಿ ಸರಿ. ನಿಮ್ಮ ಮಗುವಿನ ಮೊದಲ ಹೆಜ್ಜೆಯ ಚಿತ್ರ ಹುಟ್ಟುವಾಗಲೇ ತಣ್ಣಗಿನದು!

ಹಾಗಾದರೆ ಆ ಫಾರ್ವರ್ಡ್ ಎಷ್ಟು ನಿಜ?

ಕ್ಲೀನರ್ ಆ್ಯಪ್ ಮೇಲೆ ಹೇಳಿದ ಹಮಾಲಿ ಕೆಲಸ ಮಾಡಲಾರದು. ಆ ಕೋಣೆಗಳ ಕೀಲಿ ಅದರ ಕೈಯಲ್ಲಿಲ್ಲ. ಅದು ಅಳಿಸುವುದು ಬೇರೆ ಆ್ಯಪ್‌ಗಳ ತಾತ್ಕಾಲಿಕ ಕಡತಗಳನ್ನು. ಅವು ನಾಳೆ ಮತ್ತೆ ಡೌನ್‌ಲೋಡ್ ಆಗುತ್ತವೆ, ನಿಮ್ಮ ಡೇಟಾ ಖರ್ಚಾಗುತ್ತದೆ. ಬಹಳ ಜನಪ್ರಿಯವಾಗಿದ್ದ ಕ್ಲೀನ್ ಮಾಸ್ಟರ್ ಆ್ಯಪ್‌ನ ಕಂಪನಿಯಾದ ಚೀತಾ ಮೊಬೈಲ್‌ನ ಆ್ಯಪ್‌ಗಳನ್ನು ಗೂಗಲ್ 2020ರ ಫೆಬ್ರವರಿಯಲ್ಲಿ ಕಿರಿಕಿರಿ ಜಾಹೀರಾತುಗಳ ವಿರುದ್ಧದ ಕ್ರಮದಲ್ಲಿ ಪ್ಲೇಸ್ಟೋರ್‌ನಿಂದ ತೆಗೆದುಹಾಕಿತು. ಅದೇ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲೂ ಅದು ಇತ್ತು. ಆ ನಿಷೇಧಕ್ಕೆ ಕೊಟ್ಟ ಕಾರಣ ಮಾತ್ರ ದೇಶದ ಭದ್ರತೆ.

ಗುಡಿಸುವ ಕೆಲಸಕ್ಕೆ ಫೋನಿಗೆ ಯಾರ ಹಂಗೂ ಬೇಡ. 2013ರ ಆಂಡ್ರಾಯ್ಡ್ 4.3ರಿಂದಲೇ, ಫೋನ್ ಸುಮ್ಮನಿರುವಾಗ, ಹೆಚ್ಚಾಗಿ ರಾತ್ರಿ ಚಾರ್ಜಿಗಿಟ್ಟಾಗ, ಅಳಿಸಿದ ಕಡತಗಳ ಜಾಗ ಯಾವುದೆಂದು ಮೆಮೊರಿಗೆ ತಿಳಿಸುವ ಕೆಲಸ ತಾನಾಗಿ ನಡೆಯುತ್ತದೆ. ಇದರಿಂದ ಇನ್ನೊಂದು ಗಾಳಿಮಾತೂ ಬೀಳುತ್ತದೆ: ‘ಡಿಲೀಟ್ ಆದ ಫೋಟೊವನ್ನು ಈ ಆ್ಯಪ್ ಯಾವಾಗ ಬೇಕಾದರೂ ಹಿಂದೆ ತರುತ್ತದೆ’ ಎಂಬುದು. ಗ್ಯಾಲರಿಯ ಕಸದ ಬುಟ್ಟಿಯಲ್ಲಿದ್ದರೆ ಬರುತ್ತದೆ. ಅದೂ ಖಾಲಿಯಾಗಿ, ಕೋಣೆ ಗುಡಿಸಿಹೋದ ಮೇಲೆ ಇಂದಿನ ಫೋನ್‌ಗಳಿಂದ ಏನೂ ಬರುವುದಿಲ್ಲ. ಹಳೆಯ ಕಂಪ್ಯೂಟರ್, ಮೆಮೊರಿ ಕಾರ್ಡ್‌ಗಳಿಂದ ಎಷ್ಟೋ ಸಲ ಬರುತ್ತಿತ್ತು. ಆ ನೆನಪಿನಿಂದಲೇ ಈ ನಂಬಿಕೆ ಉಳಿದಿದೆ.

ಫಾರ್ಮ್ಯಾಟ್ ಮಾಡಿದರೆ ಫೋನ್ ಚುರುಕಾಗುತ್ತದೆಯೇ? ಆಗುತ್ತದೆ, ಏಕೆಂದರೆ ಗೋದಾಮು ಖಾಲಿಯಾಗುತ್ತದೆ. ಆದರೆ ಅದೇ ಲಾಭ ಹತ್ತರಲ್ಲಿ ಒಂದೆರಡು ಪಾಲು ಖಾಲಿ ಇಟ್ಟರೂ ಸಿಗುತ್ತದೆ. 64 ಜಿಬಿ ಫೋನ್ ಆದರೆ ಏಳೆಂಟು ಜಿಬಿ. ವಾಟ್ಸಾಪ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಅಂಡ್ ಡೇಟಾ’ ಒಳಗೆ ‘ಮ್ಯಾನೇಜ್ ಸ್ಟೋರೇಜ್’ ಇದೆ. ಬಹಳ ಸಲ ಫಾರ್ವರ್ಡ್ ಆಗಿ ಬಂದದ್ದನ್ನೆಲ್ಲ ಅದೇ ಬೇರೆ ಗುಂಪಾಗಿ ತೋರಿಸುತ್ತದೆ. ಅದನ್ನು ಅಳಿಸಲು ಅಂಗಡಿಗೆ ಹೋಗಬೇಕಿಲ್ಲ.

ಯಾರೂ ಕೇಳದ ಕಡತ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೋಡಿದವರಿಗೆ ತಣ್ಣಗಿನ ಮಾಹಿತಿ ಎಂದರೇನೆಂದು ಹೇಳಬೇಕಿಲ್ಲ. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಕಾಲದ ಜಮೀನು ಕಡತಗಳು ಉರ್ದುವಿನಲ್ಲಿವೆ, ಕೆಂಪು ಬಟ್ಟೆಯ ಗಂಟುಗಳಲ್ಲಿ ಐವತ್ತು ವರ್ಷ ಯಾರೂ ಬಿಚ್ಚದೆ ಇರುತ್ತವೆ. ಬಳಕೆಯ ಎಣಿಕೆಯಲ್ಲಿ ಸೊನ್ನೆ. ಆದರೆ ಅಣ್ಣತಮ್ಮಂದಿರ ನಡುವೆ ಹೊಲದ ವ್ಯಾಜ್ಯ ಬಂದ ದಿನ ಆ ಒಂದು ಹಾಳೆಯ ಮೇಲೆ ಇಡೀ ಸಂಸಾರ ನಿಂತಿರುತ್ತದೆ.

ಇದಕ್ಕೆದುರಾಗಿ ಪಹಣಿ ನೋಡಿ. ಬೆಳೆ ಸಾಲ, ಬೆಳೆ ವಿಮೆಯ ದಿನಗಳಲ್ಲಿ ಅದರಷ್ಟು ಬಿಸಿ ಸರಕು ಇನ್ನೊಂದಿಲ್ಲ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದೆ. ನಿಮ್ಮ ಫೋನಿನಲ್ಲಿರುವ ಪಹಣಿಯ ಫೋಟೊ ಹೋದರೆ ಇನ್ನೊಂದು ಪ್ರತಿ ತೆಗೆಸಬಹುದು. ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡಿತು. ಯಾರೂ ಕೇಳದ ಕಡತಕ್ಕೂ ಇನ್ನೊಂದು ಪ್ರತಿ ಇರಬೇಕೆಂದು ಯಾರೋ ಕುಳಿತು ತೀರ್ಮಾನಿಸಬೇಕಾಯಿತು. ಬಳಕೆ ಎಣಿಸುವ ಯಾವ ಯಂತ್ರವೂ ಅದನ್ನು ಹೇಳಿಕೊಡುತ್ತಿರಲಿಲ್ಲ.

ಯಂತ್ರ ಕೇಳುವ ಪ್ರಶ್ನೆ ‘ಇದನ್ನು ಎಷ್ಟು ಸಲ ಮುಟ್ಟುತ್ತಾರೆ?’ ಎಂಬುದು. ನೀವು ಕೇಳಬೇಕಾದದ್ದು ‘ಇದು ಹೋದರೆ ಬೇರೆಲ್ಲಾದರೂ ಸಿಗುತ್ತದೆಯೇ?’ ಎಂದು. ಫಾರ್ವರ್ಡ್ ವಿಡಿಯೊ ಸಾವಿರ ಫೋನ್‌ಗಳಲ್ಲಿದೆ. ಸಿನಿಮಾ ಹಾಡು ಎಲ್ಲೆಡೆ ಇದೆ. ಅಜ್ಜಿಯ ದನಿ ಮಾನ್ವಿಯ ಒಂದೇ ಫೋನಿನಲ್ಲಿತ್ತು.

ಬ್ಯಾಕಪ್ ವಿಷಯದಲ್ಲಿ ಜನ ಎಡವುವ ಕೆಲವು ಕಡೆಗಳಿವೆ. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ ಫೋನಿನ ಪ್ರತಿ ಹೋಗುತ್ತದೆ, ಕ್ಲೌಡ್‌ನ ಪ್ರತಿ ಉಳಿಯುತ್ತದೆ. ಅದೇ ಆ್ಯಪ್‌ನಲ್ಲಿ ‘ಡಿಲೀಟ್’ ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ; ಬ್ಯಾಕಪ್ ಆಗಿದ್ದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ಅಷ್ಟೇ. 2021ರ ಜೂನ್‌ನಿಂದ ಫೋಟೊಗಳು, 2024ರ ಹೊತ್ತಿಗೆ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ 15 ಜಿಬಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ತೀರಿಹೋದವರ ಖಾತೆಯಲ್ಲಿ ಫೋಟೊಗಳಿದ್ದರೆ ಇದು ನೆನಪಿರಲಿ.

ಹಳೆಯ ಫೋನನ್ನು ಟ್ರಂಕಿನಲ್ಲಿಟ್ಟರೆ ಫೋಟೊಗಳು ಭದ್ರ ಎಂದುಕೊಂಡವರೂ ಇದ್ದಾರೆ. ಫ್ಲ್ಯಾಶ್‌ನಲ್ಲಿ ಮಾಹಿತಿ ಉಳಿಯುವುದು ಸಿಕ್ಕಿಹಾಕಿಕೊಂಡ ವಿದ್ಯುತ್ ಕಣಗಳ ರೂಪದಲ್ಲಿ. ಅವು ಬಹಳ ನಿಧಾನವಾಗಿ ಸೋರುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತವೆ. ಒಂದೆರಡು ತಿಂಗಳಲ್ಲಿ ಏನೂ ಆಗದು. ಆದರೆ ರಾಯಚೂರಿನ ಬೇಸಿಗೆಯಲ್ಲಿ ವರ್ಷಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ ಫೋನ್ ಭರವಸೆಯ ಜಾಗವಲ್ಲ. ಒಳಗಿನ ಹಮಾಲರು ಕರೆಂಟ್ ಇದ್ದರೆ ಮಾತ್ರ ಕೆಲಸ ಮಾಡುತ್ತಾರೆ. ಮುಖ್ಯವಾದದ್ದನ್ನು ಒಂದು ಪೆನ್‌ಡ್ರೈವ್ ಅಥವಾ ಕಂಪ್ಯೂಟರಿಗೂ, ಇನ್ನೊಬ್ಬರ ಫೋನಿಗೂ ಹಾಕಿಡಿ. ಎರಡು ಮನೆಗಳಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಮಾನ್ವಿಯ ಆ ತಂದೆ ಅಜ್ಜಿಯ ದನಿ ಹುಡುಕುವುದನ್ನು ಬಿಟ್ಟಿಲ್ಲ. ಅಜ್ಜಿ ದೇವದುರ್ಗದಲ್ಲಿರುವ ತಂಗಿಗೂ ಮೆಸೇಜ್ ಕಳಿಸುತ್ತಿದ್ದರಂತೆ. ಆ ತಂಗಿಯ ಫೋನಿನ ಚಾರ್ಜಿಂಗ್ ಪಿನ್ ಮುರಿದು ವರ್ಷವಾಯಿತು, ಅಲಮಾರಿನಲ್ಲಿ ಇದೆ. ಪಿನ್ ಹಾಕಿಸಲು ರಾಯಚೂರಿಗೆ ತರುತ್ತಿದ್ದಾರೆ. ಏನೇ ಆದರೂ ಫಾರ್ಮ್ಯಾಟ್ ಮಾಡಬೇಡಿ ಎಂದು ಒಂದು ಚೀಟಿ ಬರೆದು ಫೋನಿನ ಹಿಂದೆ ಅಂಟಿಸಿದ್ದಾರಂತೆ.